ಮಾತ್ರೆ ಡಬ್ಬಿ ಮತ್ತು ಪ್ರವಾಸ ವಿಮೆ

2009ರಲ್ಲಿ ಭಾರತದವರೊಬ್ಬರು ಬಂಧುಗಳ ಮನೆಯ ಮದುವೆಗೆಂದು ಅಮೆರಿಕಕ್ಕೆ ಹೋದರು. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದಂತೆ ಮೈ ಬೆವೆತು ನಿಶ್ಶಕ್ತಿಯಾಯಿತು. ಆಸ್ಪತ್ರೆಗೆ ಸೇರಿಸಿದಾಗ ಹೃದಯದ ರಕ್ತನಾಳಗಳು ಕಟ್ಟಿಕೊಂಡಿದ್ದು ಗೊತ್ತಾಗಿ, ಆಂಜಿಯೊಪ್ಲಾಸ್ಟಿ ಮಾಡಿ ಮೂರು ಸ್ಟೆಂಟ್ ಹಾಕಿದರು. ಜೀವ ಉಳಿಯಿತು, ಹಿಂದೆಯೇ ಬಿಲ್ಲೂ ಬಂತು. ಹೊರಡುವ ಮುಂಚೆ ಅವರು ವಿದೇಶ ಪ್ರವಾಸದ ಮೆಡಿಕ್ಲೇಮ್ ಪಾಲಿಸಿ ಮಾಡಿಸಿದ್ದರು. ವಿಮಾ ಕಂಪನಿ ಹೇಳಿದಂತೆ ವೈದ್ಯಕೀಯ ಪರೀಕ್ಷೆಗೂ ಒಳಗಾಗಿದ್ದರು. ತಮಗೆ ಸಕ್ಕರೆ ಕಾಯಿಲೆ ಇದೆ ಎಂಬುದನ್ನು ಅವರು ಮುಚ್ಚಿಟ್ಟಿರಲಿಲ್ಲ. ಆದರೂ ಕಂಪನಿ ಕ್ಲೇಮನ್ನು ತಿರಸ್ಕರಿಸಿತು. ಕೊಲೆಸ್ಟರಾಲ್ ತೊಂದರೆಯನ್ನೂ ಅದಕ್ಕೆ ನುಂಗುತ್ತಿದ್ದ ಸ್ಟ್ಯಾಟಿನ್ ಮಾತ್ರೆಯನ್ನೂ ಅರ್ಜಿಯಲ್ಲಿ ತಿಳಿಸಿಲ್ಲ, ಹೃದಯದ ತೊಂದರೆ ಹಳೆಯ ಕಾಯಿಲೆಯಿಂದಲೇ ಬಂದದ್ದು ಎಂಬುದು ಅದರ ವಾದ.

ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿ ಅವರು 2015ರಲ್ಲಿ ಸೋತರು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಡಿಸೆಂಬರ್ 6ರಂದು ಬಂದ ತೀರ್ಪನ್ನು ಬರೆದವರು, ಕರ್ನಾಟಕ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ನ್ಯಾಯಪೀಠದಲ್ಲಿದ್ದು ದೆಹಲಿಗೆ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ, ಪೀಠದಲ್ಲಿ ಜೊತೆಗಿದ್ದವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ಅರ್ಜಿದಾರ ತನಗಿರುವ ಕಾಯಿಲೆಯನ್ನು ತಿಳಿಸಿದ ಮೇಲೆ, ಅದನ್ನು ಅಳೆದು ತೂಗಿ ಕಂಪನಿಯೇ ಪಾಲಿಸಿ ಕೊಟ್ಟ ಮೇಲೆ, ಅದೇ ಕಾಯಿಲೆಯನ್ನು ನೆಪಮಾಡಿ ಹಣ ನಿರಾಕರಿಸುವಂತಿಲ್ಲ ಎಂದು ಕೋರ್ಟು ಹೇಳಿತು. ಚಿಕಿತ್ಸೆಯ ಖರ್ಚನ್ನು ಬಡ್ಡಿ ಸಮೇತ ಕೊಡುವಂತೆ ಆದೇಶಿಸಿತು. ಅಷ್ಟು ಹೊತ್ತಿಗೆ 12 ವರ್ಷ ಉರುಳಿತ್ತು.

ಈ ಮೊಕದ್ದಮೆಯಲ್ಲಿ ಆ ಪ್ರಯಾಣಿಕರನ್ನು ಕಾಪಾಡಿದ್ದು ಪಾಲಿಸಿಯ ಮೇಲೆ ಅಚ್ಚಾಗಿದ್ದ ಡಾಲರ್ ಮೊತ್ತವಲ್ಲ, ಅರ್ಜಿಯಲ್ಲಿ ಅವರು ಹೇಳಿದ್ದ ನಿಜ. ಪ್ರವಾಸ ವಿಮೆ ಎಂದಾಗ ಜನ ಕೇಳುವ ಮೊದಲ ಪ್ರಶ್ನೆ ಪ್ರೀಮಿಯಂ ಎಷ್ಟು ಎಂಬುದು, ಎರಡನೆಯದು ಎಷ್ಟು ಲಕ್ಷ ಸಿಗುತ್ತದೆ ಎಂಬುದು. ಕ್ಲೇಮು ಗೆಲ್ಲುವುದೋ ಸೋಲುವುದೋ ಎಂಬುದು ಮಾತ್ರ ತೀರ್ಮಾನವಾಗುವುದು ಈ ಎರಡೂ ಪ್ರಶ್ನೆಗೆ ಸಿಗದ ಪುಟಗಳಲ್ಲಿ: ವ್ಯಾಖ್ಯೆಗಳು, ಒಳಮಿತಿಗಳು ಮತ್ತು ಇವಕ್ಕೆ ಹಣವಿಲ್ಲ ಎಂದು ಬರೆದ ಪಟ್ಟಿ.

ಕರ್ನಾಟಕದ ಮಟ್ಟಿಗೆ ಈ ವಿಷಯ ಅತಿ ಹೆಚ್ಚು ತಟ್ಟುವುದು ಮಕ್ಕಳನ್ನು ನೋಡಲು ವಿಮಾನ ಹತ್ತುವ ಅಪ್ಪ ಅಮ್ಮಂದಿರಿಗೆ. ಮೈಸೂರು, ಹಾಸನ, ಹುಬ್ಬಳ್ಳಿ, ಶಿವಮೊಗ್ಗದ ಬೀದಿ ಬೀದಿಯಲ್ಲೂ ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೋ ಕ್ಯಾಲಿಫೋರ್ನಿಯಾಕ್ಕೋ ಹೋಗಿಬಂದ ದಂಪತಿಗಳಿದ್ದಾರೆ. ಸಂದರ್ಶಕರ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳ ವಾಸಕ್ಕೆ ಅವಕಾಶ ಸಿಗುತ್ತದೆ. ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಬಾಣಂತಿ ಖಾರ, ಮಗುವಿಗೆ ಕುಲಾವಿ ತುಂಬಿಕೊಳ್ಳುವಾಗ ತೋರುವ ಎಚ್ಚರ ಪಾಲಿಸಿಯ ವಿಷಯದಲ್ಲಿ ಕಾಣುವುದಿಲ್ಲ. ಬಹಳ ಮನೆಗಳಲ್ಲಿ ಆ ಕೆಲಸ ಮಗನದು ಅಥವಾ ಅಳಿಯನದು. ಅಲ್ಲಿ ಕುಳಿತು, ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು, ಅಪ್ಪನ ಹುಟ್ಟಿದ ದಿನ ಮತ್ತು ಪಾಸ್‌ಪೋರ್ಟ್ ನಂಬರು ತುಂಬಿ, ಕಾಯಿಲೆಗಳ ಪ್ರಶ್ನೆಗೆ ‘ಇಲ್ಲ’ ಎಂದು ಒತ್ತಿ ಮುಗಿಸುತ್ತಾನೆ. ಅಪ್ಪನಿಗೆ ಎರಡು ವರ್ಷದಿಂದ ಬಿಪಿ ಮಾತ್ರೆ ಇದೆ ಎಂಬುದು ಅವನಿಗೆ ಗೊತ್ತೇ ಇರುವುದಿಲ್ಲ. ಮಗ ದೂರದಲ್ಲಿ ಚಿಂತೆ ಮಾಡಬಾರದೆಂದು ಅಮ್ಮನೇ ಹೇಳಿರುವುದಿಲ್ಲ.

ಇಲ್ಲಿಂದಲೇ ತೊಡಕು ಶುರುವಾಗುತ್ತದೆ. ಪಾಲಿಸಿ ಶುರುವಾಗುವ ಮುಂಚೆಯೇ ಇದ್ದ ಕಾಯಿಲೆಯನ್ನು ವಿಮೆಯವರು ಪ್ರೀ-ಎಕ್ಸಿಸ್ಟಿಂಗ್ ಎನ್ನುತ್ತಾರೆ. ಊರಿನಲ್ಲಿ ಮಾಡಿಸುವ ಆರೋಗ್ಯ ವಿಮೆಯಲ್ಲಿ ಕೆಲವು ವರ್ಷ ಕಾದರೆ ಅಂಥ ಕಾಯಿಲೆಗೂ ಹಣ ಸಿಗುತ್ತದೆ. ಆ ಕಾಯುವ ಅವಧಿ 3 ವರ್ಷವನ್ನು ಮೀರಬಾರದೆಂದು 2024ರ ನಿಯಮ ಹೇಳುತ್ತದೆ. ಆರು ತಿಂಗಳ ಪ್ರವಾಸದ ಪಾಲಿಸಿಯಲ್ಲಿ ಹಾಗೆ ಕಾಯುವುದಕ್ಕೆ ಸಮಯವೆಲ್ಲಿದೆ? ಹಾಗಾಗಿ ಪ್ರವಾಸ ವಿಮೆಯಲ್ಲಿ ಹಳೆಯ ಕಾಯಿಲೆಗೆ ಒಂದೋ ಏನೂ ಇಲ್ಲ, ಇಲ್ಲವೇ ಬಹಳ ಕಟ್ಟುಪಾಡಿನ ಮೇಲೆ ಸ್ವಲ್ಪ. ಭಾರತದ ಹಲವು ಪಾಲಿಸಿಗಳು ಜೀವಕ್ಕೆ ಅಪಾಯವಿರುವ ಸ್ಥಿತಿಯಲ್ಲಿ, ರೋಗಿ ಚೇತರಿಸಿಕೊಂಡು ಸ್ಥಿರವಾಗುವ ತನಕ ಮಾತ್ರ ಖರ್ಚು ಕೊಡುತ್ತವೆ, ಅದಕ್ಕೂ ಬೇರೆಯದೇ ಮಿತಿ ಇಟ್ಟಿರುತ್ತವೆ. ಅಮೆರಿಕದ ಸಂದರ್ಶಕರ ಪಾಲಿಸಿಗಳಲ್ಲಿ ‘ಆಕ್ಯೂಟ್ ಆನ್‌ಸೆಟ್’ ಎಂಬ ಕಲಮು ಬರುತ್ತದೆ. ಹಳೆಯ ಕಾಯಿಲೆ ಮುನ್ಸೂಚನೆಯಿಲ್ಲದೆ ಹಠಾತ್ತಾಗಿ ಉಲ್ಬಣಿಸಿರಬೇಕು, ಉಲ್ಬಣಿಸಿದ 24 ಗಂಟೆಯೊಳಗೆ ಚಿಕಿತ್ಸೆಗೆ ಹೋಗಿರಬೇಕು ಎಂಬಂಥ ಷರತ್ತುಗಳು ಅದರಲ್ಲಿ ಸಾಮಾನ್ಯ. ವಾರದಿಂದ ಎದೆ ಉರಿಯುತ್ತಿತ್ತು, ಗ್ಯಾಸ್ ಎಂದುಕೊಂಡು ಸುಮ್ಮನಿದ್ದೆ ಎಂದು ರೋಗಿ ಡಾಕ್ಟರ ಮುಂದೆ ಹೇಳಿದ ಒಂದು ಮಾತು ಆಸ್ಪತ್ರೆಯ ದಾಖಲೆಗೆ ಸೇರಿದರೆ ‘ಹಠಾತ್’ ಎಂಬ ಷರತ್ತು ಬಿದ್ದುಹೋಗಬಹುದು. ಹಾಗೆಂದು ಡಾಕ್ಟರಿಗೆ ಸುಳ್ಳು ಹೇಳಲಾಗದು, ಹೇಳಲೂಬಾರದು. ಎದೆ ಉರಿ ಕಾಣಿಸಿದ ದಿನವೇ ಹೋಗುವುದು ಜೀವಕ್ಕೂ ಕ್ಲೇಮಿಗೂ ಒಳ್ಳೆಯದು.

ಈ ಪಾಲಿಸಿಗಳಲ್ಲಿ ವಯಸ್ಸು ಹೆಚ್ಚಿದಂತೆ ಸೌಲಭ್ಯ ಕುಗ್ಗುತ್ತದೆ. 60 ದಾಟಿದವರಿಗೆ, 70 ದಾಟಿದವರಿಗೆ ಬೇರೆ ಬೇರೆ ಕೋಷ್ಟಕಗಳಿರುತ್ತವೆ. ಮುಖಪುಟದಲ್ಲಿ 1 ಲಕ್ಷ ಡಾಲರ್ ಎಂದಿದ್ದರೂ ಒಳಗೆ ಕೋಣೆ ಬಾಡಿಗೆ ದಿನಕ್ಕಿಷ್ಟು, ಐಸಿಯು ದಿನಕ್ಕಿಷ್ಟು, ಶಸ್ತ್ರಚಿಕಿತ್ಸಕರ ಶುಲ್ಕ ಇಷ್ಟು, ಅರಿವಳಿಕೆಗೆ ಇಷ್ಟು ಎಂದು ಪ್ರತ್ಯೇಕ ಮಿತಿಗಳನ್ನು ಹಾಕಿರುತ್ತಾರೆ. ಇವನ್ನೇ ಸಬ್ ಲಿಮಿಟ್ ಎನ್ನುವುದು. ಇವು ಮುಗಿದ ಮೇಲೆ ಮುಖಪುಟದ ಲಕ್ಷದಲ್ಲಿ ಎಷ್ಟೇ ಉಳಿದಿದ್ದರೂ ಆ ಬಾಬಿಗೆ ಅದು ಕೈಗೆ ಸಿಗುವುದಿಲ್ಲ.

ಲೆಕ್ಕಕ್ಕೆಂದು ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಐದು ದಿನದ ಆಸ್ಪತ್ರೆ ವಾಸಕ್ಕೆ 20,000 ಡಾಲರ್ ಬಿಲ್ಲಾಯಿತು ಎನ್ನೋಣ. ಅಮೆರಿಕದಲ್ಲಿ ಸಂದರ್ಶಕರಿಗೆ ಮಾರುವ ಪಾಲಿಸಿಗಳು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಪ್ರತಿ ಸೇವೆಗೂ ನಿಗದಿತ ಮೊತ್ತದ ಪಟ್ಟಿ ಇರುವಂಥದು. ಆ ಪಟ್ಟಿಯ ಪ್ರಕಾರ ಎಲ್ಲ ಕೂಡಿಸಿ 7,500 ಡಾಲರ್ ಬಂತು ಎಂದುಕೊಂಡರೆ ಉಳಿದ 12,500 ಡಾಲರ್ ಮನೆಯವರ ತಲೆಯ ಮೇಲೆ. ಇನ್ನೊಂದನ್ನು ಕಾಂಪ್ರಹೆನ್ಸಿವ್ ಎನ್ನುತ್ತಾರೆ. ಅದರಲ್ಲಿ ಮೊದಲು ಡಿಡಕ್ಟಿಬಲ್, ಅಂದರೆ ರೋಗಿ ತನ್ನ ಕೈಯಿಂದ ಹಾಕಲೇಬೇಕಾದ ಮೊತ್ತ, 250 ಡಾಲರ್ ಎನ್ನೋಣ. ಆಮೇಲಿನ 5,000 ಡಾಲರಿನಲ್ಲಿ ಕಂಪನಿಯದು ನೂರಕ್ಕೆ 80, ರೋಗಿಯದು 20. ಹಾಗೆ ಇನ್ನೊಂದು 1,000 ಡಾಲರ್ ಹೋಯಿತು. ಅದರಾಚೆಯದು ಪಾಲಿಸಿಯ ಮಿತಿಯ ತನಕ ಪೂರ್ತಿ ಕಂಪನಿಯದು. ಮನೆಯವರ ಪಾಲು 1,250 ಡಾಲರಿಗೆ ನಿಂತಿತು. ಎರಡನೆಯ ಬಗೆಗೆ ಪ್ರೀಮಿಯಂ ಜಾಸ್ತಿ. ಅಗ್ಗದ ಮೊದಲನೆಯದನ್ನು ಕೊಂಡು, ಇದು ಎರಡನೆಯದರಂತೆ ನಡೆಯುತ್ತದೆ ಎಂದು ನಂಬಿ ಹೋದವರೇ ಆಮೇಲೆ ಸಂಕಟಕ್ಕೆ ಬೀಳುತ್ತಾರೆ. ವಯಸ್ಸಾದ ತಂದೆ ತಾಯಿಯ ವಿಷಯದಲ್ಲಿ ಆ ವ್ಯತ್ಯಾಸದ ಹಣವನ್ನು ಉಳಿಸುವುದು ಉಳಿತಾಯವೇ ಅಲ್ಲ.

ಬಿಲ್ಲಿಗೆ ಹೆದರಿ ಆಸ್ಪತ್ರೆಯ ಬಾಗಿಲಿಗೆ ಹೋಗದೆ ಉಳಿಯುವ ಹಿರಿಯರೂ ಇದ್ದಾರೆ. ಅವರಿಗೆ ಒಂದು ಸಂಗತಿ ತಿಳಿದಿರಬೇಕು. ಅಮೆರಿಕದಲ್ಲಿ 1986ರಿಂದ ಜಾರಿಯಲ್ಲಿರುವ ಫೆಡರಲ್ ಕಾನೂನಿನ ಪ್ರಕಾರ, ಸರ್ಕಾರದ ಮೆಡಿಕೇರ್ ಯೋಜನೆಗೆ ಸೇರಿದ ಆಸ್ಪತ್ರೆಗಳು ತುರ್ತು ವಿಭಾಗಕ್ಕೆ ಬಂದವರನ್ನು ಹಣವಿದೆಯೇ, ವಿಮೆಯಿದೆಯೇ ಎಂದು ನೋಡದೆ ಪರೀಕ್ಷಿಸಬೇಕು, ಸ್ಥಿತಿ ಸುಧಾರಿಸುವ ಚಿಕಿತ್ಸೆ ಕೊಡಬೇಕು. ಹಣದ ಮಾತು ಆಮೇಲೆ ಬರುತ್ತದೆ, ಬಂದೇ ಬರುತ್ತದೆ. ಆದರೆ ಬಾಗಿಲಲ್ಲಿ ತಡೆಯುವಂತಿಲ್ಲ. ಆಸ್ಪತ್ರೆ ಸೇರಿದ ಕೂಡಲೇ, ಸಾಧ್ಯವಾದರೆ ಸೇರುವ ಮೊದಲೇ, ಪಾಲಿಸಿ ಕಾರ್ಡಿನ ಮೇಲಿರುವ ಸಹಾಯವಾಣಿಗೆ ಮನೆಯವರು ಫೋನ್ ಮಾಡಬೇಕು. ಕಂಪನಿಯ ಪಟ್ಟಿಯಲ್ಲಿರುವ ಆಸ್ಪತ್ರೆಯಾದರೆ ದರವೂ ಇಳಿಯುತ್ತದೆ, ಕ್ಯಾಶ್‌ಲೆಸ್ ಆಗುವ ಸಾಧ್ಯತೆಯೂ ಹೆಚ್ಚುತ್ತದೆ. ಅಲ್ಲಿ ಬಿಲ್ಲುಗಳು ಒಟ್ಟಿಗೆ ಬರುವುದಿಲ್ಲ. ಆಸ್ಪತ್ರೆಯದೇ ಒಂದು, ಡಾಕ್ಟರದು ಇನ್ನೊಂದು, ಸ್ಕ್ಯಾನ್ ಓದಿದವರದು ಮತ್ತೊಂದು, ಆಂಬುಲೆನ್ಸಿನದು ಬೇರೆ. ಕೆಲವು ಬಿಲ್ಲು ಮಗನ ಮನೆಗೆ ಬಂದು ತಲುಪುವ ಹೊತ್ತಿಗೆ ಅಪ್ಪ ಅಮ್ಮ ಊರು ಸೇರಿ ತಿಂಗಳುಗಳಾಗಿರುತ್ತವೆ.

ಆದ್ದರಿಂದ ಅರ್ಜಿ ತುಂಬುವ ದಿನ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲಿಟ್ಟುಕೊಳ್ಳಬೇಕು. ಮಗ ಅಮೆರಿಕದಲ್ಲಿದ್ದರೆ ವಿಡಿಯೊ ಕರೆಯಲ್ಲಿ ಒಂದೊಂದೇ ಸ್ಟ್ರಿಪ್ ತೋರಿಸಿ ಹೆಸರು ಓದಿಸಬೇಕು. ಬಿಪಿಯದೋ, ಶುಗರಿನದೋ, ಥೈರಾಯ್ಡಿನದೋ, ‘ಸುಮ್ಮನೆ ರಕ್ತ ತೆಳುವಾಗಲಿ ಅಂತ ಕೊಟ್ಟಿದ್ದಾರೆ’ ಎಂದು ಅಪ್ಪ ಹಗುರಾಗಿ ಹೇಳುವ ಮಾತ್ರೆಯೋ, ಎಲ್ಲವೂ ಅರ್ಜಿಗೆ ಬರಬೇಕು. ಹೇಳಿದರೆ ಪ್ರೀಮಿಯಂ ಏರಬಹುದು, ಕಂಪನಿ ಪಾಲಿಸಿ ಕೊಡದೆಯೂ ಇರಬಹುದು. ಆಗ ಇನ್ನೊಂದು ಕಂಪನಿಯನ್ನು ಕೇಳಲು ಸಮಯವಿರುತ್ತದೆ. ಆಸ್ಪತ್ರೆಯ ಹಾಸಿಗೆಯ ಮೇಲೆ ಆ ಸಮಯ ಇರುವುದಿಲ್ಲ. ಊರಿನಲ್ಲೇ ಪಾಲಿಸಿ ಕೊಳ್ಳುವವರು ವಿಮಾನ ಹತ್ತುವ ಮೊದಲೇ ಕೊಳ್ಳಬೇಕು. ವಾಸ ಮುಂದುವರಿಯುವುದಾದರೆ ಅವಧಿ ಮುಗಿಯುವ ಮುಂಚೆಯೇ ವಿಸ್ತರಣೆಗೆ ಬರೆಯಬೇಕು. ಮೊದಲ ಅವಧಿಯಲ್ಲಿ ಕಂಡ ಕಾಯಿಲೆ ವಿಸ್ತರಿಸಿದ ಅವಧಿಯಲ್ಲಿ ‘ಹಳೆಯದು’ ಎಂದು ಎಣಿಕೆಯಾಗುವುದೂ ಉಂಟು.

ಯುರೋಪಿಗೆ ಹೋಗುವವರ ಸ್ಥಿತಿ ಸ್ವಲ್ಪ ಬೇರೆ. ಅಲ್ಲಿ ಷೆಂಗೆನ್ ವೀಸಾ ಬೇಕಾದವರಿಗೆ ವಿಮೆ ಕಡ್ಡಾಯ, ಕನಿಷ್ಠ ಮೊತ್ತವನ್ನು ಕಾನೂನೇ ಗೊತ್ತುಮಾಡಿದೆ: 30,000 ಯೂರೊ. 2009ರ ವೀಸಾ ಸಂಹಿತೆಯ ಪ್ರಕಾರ ತುರ್ತು ಚಿಕಿತ್ಸೆ, ಆಸ್ಪತ್ರೆ ವಾಸ, ಅನಾರೋಗ್ಯದಿಂದ ತಾಯ್ನಾಡಿಗೆ ಮರಳಿಸುವ ಖರ್ಚು, ಮರಣ ಸಂಭವಿಸಿದರೆ ಆಗುವ ಖರ್ಚು ಇಷ್ಟೂ ಅದರಲ್ಲಿ ಸೇರಿರಬೇಕು, ಈಗ 29 ದೇಶಗಳಿರುವ ಇಡೀ ಷೆಂಗೆನ್ ವಲಯದಲ್ಲಿ ಅದು ಊರ್ಜಿತವಾಗಿರಬೇಕು. ವೀಸಾಕ್ಕೆ ಬೇಕಾದ ಕಾಗದವೆಂದು ಅತಿ ಅಗ್ಗದ್ದನ್ನು ಕೊಂಡವರಿಗೆ ಕಳೆದ ಸೂಟ್‌ಕೇಸಿಗೋ ತಪ್ಪಿದ ವಿಮಾನಕ್ಕೋ ಪರಿಹಾರ ಸಿಗದಿರಬಹುದು, ಏಕೆಂದರೆ ವೀಸಾ ನಿಯಮ ಅದನ್ನೆಲ್ಲ ಕೇಳುವುದೇ ಇಲ್ಲ.

ವಿಮಾನದ ಮಾತು ಬಿಟ್ಟು ರೈಲಿಗೆ ಬಂದರೆ, ಪ್ರವಾಸ ವಿಮೆ ಹುಟ್ಟಿದ್ದೇ ರೈಲಿನ ಜೊತೆ. 1849ರಲ್ಲಿ ಇಂಗ್ಲೆಂಡಿನ ರೈಲ್ವೆ ಪ್ಯಾಸೆಂಜರ್ಸ್ ಅಶ್ಯೂರೆನ್ಸ್ ಕಂಪನಿ ಟಿಕೆಟ್ ಕಿಟಕಿಯಲ್ಲೇ ಅಪಘಾತ ವಿಮೆ ಮಾರಲು ತೊಡಗಿತು. ಮೊದಲ ದರ್ಜೆಯವರು 3 ಪೆನ್ನಿ ಕೊಟ್ಟರೆ 1,000 ಪೌಂಡ್, ಎರಡನೆಯವರು 2 ಪೆನ್ನಿಗೆ 500, ಮೂರನೆಯ ದರ್ಜೆಯವರು 1 ಪೆನ್ನಿಗೆ 200 ಪೌಂಡ್. ಪ್ರಾಣದ ಬೆಲೆಯೂ ಬೋಗಿಯ ದರ್ಜೆಗೆ ತಕ್ಕಂತೆ ಇತ್ತು.

ಭಾರತದಲ್ಲಿ ಐಆರ್‌ಸಿಟಿಸಿ ಮೂಲಕ ಇ-ಟಿಕೆಟ್ ಕೊಳ್ಳುವವರಿಗೆ 2016ರ ಸೆಪ್ಟೆಂಬರಿನಲ್ಲಿ 92 ಪೈಸೆಗೆ ಇಂಥ ವಿಮೆ ಶುರುವಾಯಿತು. ಆ ವರ್ಷದ ಡಿಸೆಂಬರಿನಿಂದ 2018ರ ಆಗಸ್ಟ್ ತನಕ ಪುಕ್ಕಟೆಯಾಗಿತ್ತು. ಆಮೇಲೆ ಮತ್ತೆ ಐಚ್ಛಿಕವಾಯಿತು. ಇತ್ತೀಚಿನ ದರ ಒಬ್ಬರಿಗೆ 45 ಪೈಸೆ. ಇಷ್ಟಕ್ಕೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ, ಭಾಗಶಃ ಅಂಗವೈಕಲ್ಯಕ್ಕೆ 7.5 ಲಕ್ಷದ ತನಕ, ಆಸ್ಪತ್ರೆ ಖರ್ಚಿಗೆ 2 ಲಕ್ಷದ ತನಕ, ಪಾರ್ಥಿವ ಶರೀರ ಸಾಗಿಸಲು 10,000 ರೂಪಾಯಿ. ಟಿಕೆಟ್ ಕಾಯ್ದಿರಿಸುವಾಗ ಆ ಸಣ್ಣ ಚೌಕಕ್ಕೆ ಗುರುತು ಹಾಕದೆ ಮುಂದೆ ಹೋಗುವವರು ಇದನ್ನು ಕಳೆದುಕೊಳ್ಳುತ್ತಾರೆ. ಗುರುತು ಹಾಕಿದವರೂ ಒಂದು ಕೆಲಸ ಬಾಕಿ ಉಳಿಸುತ್ತಾರೆ. ಟಿಕೆಟ್ ಆದ ಮೇಲೆ ವಿಮಾ ಕಂಪನಿಯಿಂದ ಮೊಬೈಲಿಗೂ ಇ-ಮೇಲಿಗೂ ಬರುವ ಸಂದೇಶದಲ್ಲಿ ನಾಮಿನಿಯ ಹೆಸರು ತುಂಬುವ ಕೊಂಡಿ ಇರುತ್ತದೆ. ಅದನ್ನು ಜಾಹೀರಾತಿನ ಸಂದೇಶವೆಂದು ಅಳಿಸಿಬಿಟ್ಟರೆ, ಅನಾಹುತವಾದಾಗ ಮನೆಯವರು ವಾರಸುದಾರರೆಂದು ರುಜುವಾತು ಮಾಡಲು ಅಲೆಯಬೇಕಾಗುತ್ತದೆ.

2023ರ ಜೂನ್ 2ರ ಸಂಜೆ ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹಾನಗಾದಲ್ಲಿ ಮೂರು ರೈಲುಗಳು ಅಪ್ಪಳಿಸಿ 290ಕ್ಕೂ ಹೆಚ್ಚು ಜನ ತೀರಿಕೊಂಡರು. ಆ ಮೂರರಲ್ಲಿ ಒಂದು ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದ ಹೌರಾಕ್ಕೆ ಹೊರಟಿದ್ದ ಗಾಡಿ. ಜನರಲ್ ಬೋಗಿಯಲ್ಲಿ ಊರಿಗೆ ಹೊರಟ ಕೂಲಿಯವರಿಗೆ ಈ 45 ಪೈಸೆಯ ವಿಮೆ ಇಲ್ಲವೇ ಇಲ್ಲ, ಅದು ಸೀಟು ಖಚಿತವಾದ ಅಥವಾ ಆರ್‌ಎಸಿ ಆದ ಇ-ಟಿಕೆಟ್‌ಗಳಿಗೆ ಮಾತ್ರ. ಅಂಥವರಿಗೆ ಉಳಿಯುವ ಆಸರೆ 1989ರ ರೈಲ್ವೆ ಕಾಯ್ದೆ. ಅದರಂತೆ ಅಪಘಾತದಲ್ಲಿ ಸತ್ತ ಪ್ರಯಾಣಿಕರ ಕುಟುಂಬಕ್ಕೆ 8 ಲಕ್ಷ ರೂಪಾಯಿ ಪರಿಹಾರವಿದೆ. 4 ಲಕ್ಷವಿದ್ದದ್ದು 2017ರ ಜನವರಿಯಿಂದ ಇಮ್ಮಡಿಯಾಯಿತು. ಇದಕ್ಕೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬೇಕು, ಪ್ರೀಮಿಯಂ ಯಾವುದೂ ಬೇಡ. ವಿಮೆ ಮಾಡಿಸಿದವರ ಮನೆಯವರಿಗೆ ಇದೂ ಸಿಗುತ್ತದೆ, ಅದೂ ಸಿಗುತ್ತದೆ. ಒಂದನ್ನು ಪಡೆದರೆ ಇನ್ನೊಂದು ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ.

ವಿಮಾನ ಕಂಪನಿಯ ಹೊಣೆ ಮತ್ತು ಪ್ರಯಾಣಿಕ ಕೊಂಡ ವಿಮೆ ಬೇರೆ ಬೇರೆ ಎಂಬುದನ್ನು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಮರಿಗೆ ಬಿದ್ದಾಗ 166 ಮಂದಿಯಲ್ಲಿ 158 ಜನ ಹೋದರು, 8 ಜನ ಉಳಿದರು. ಅದಕ್ಕೆ ಹಿಂದಿನ ವರ್ಷವಷ್ಟೇ ಭಾರತ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿ ತನ್ನ ವಾಯುಸಾರಿಗೆ ಕಾನೂನನ್ನು ತಿದ್ದಿತ್ತು. ಅಂತರರಾಷ್ಟ್ರೀಯ ಹಾರಾಟದಲ್ಲಿ ಸಾವು ಸಂಭವಿಸಿದರೆ, ನಷ್ಟ ಸಾಬೀತಾದಷ್ಟಕ್ಕೆ ಒಂದು ಮಿತಿಯ ತನಕ ಕಂಪನಿ ತನ್ನ ತಪ್ಪಿಲ್ಲ ಎಂದು ವಾದಿಸಿ ನುಣುಚಿಕೊಳ್ಳುವಂತಿಲ್ಲ. ಆಗ ಭಾರತದ ಕಾನೂನಿನಲ್ಲಿದ್ದ ಆ ಮಿತಿ 1 ಲಕ್ಷ ಎಸ್‌ಡಿಆರ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯದಲ್ಲಿ. ಸುಮಾರು 75 ಲಕ್ಷ ರೂಪಾಯಿ ಎಂದು ಆಗ ಎಲ್ಲರ ಬಾಯಲ್ಲೂ ಇದ್ದದ್ದು ಅದೇ. ಪರಿಹಾರ ಸಾಲದೆಂದು ಕುಟುಂಬಗಳು ಕೋರ್ಟಿಗೆ ಹೋದವು. 2020ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಒಂದು ಕುಟುಂಬಕ್ಕೆ, ದುಡಿಯುತ್ತಿದ್ದವರ ಸಂಬಳವನ್ನು ಲೆಕ್ಕ ಹಾಕಿ, 7.64 ಕೋಟಿ ರೂಪಾಯಿ ನಿಗದಿ ಮಾಡಿತು. ದುರಂತ ನಡೆದು ಆಗಲೇ ಹತ್ತು ವರ್ಷ. ಈ ಮಿತಿಯನ್ನು ಕಾಲಕಾಲಕ್ಕೆ ಏರಿಸುತ್ತಾರೆ. 2024ರ ಡಿಸೆಂಬರ್ 28ರಿಂದ ಒಪ್ಪಂದದಲ್ಲಿ ಅದು 1,51,880 ಎಸ್‌ಡಿಆರ್.

ಪ್ರವಾಸ ವಿಮೆಯಲ್ಲಿ ಅಪಘಾತ ಮರಣಕ್ಕೆ ಬರುವ ಮೊತ್ತ ಇದರಿಂದ ಕಡಿತವಾಗುವುದಿಲ್ಲ. ಅದು ನಷ್ಟದ ಲೆಕ್ಕವಲ್ಲ, ಮೊದಲೇ ಗೊತ್ತುಮಾಡಿದ ಮೊತ್ತ. ಆಸ್ಪತ್ರೆ ಬಿಲ್ಲಿನ ನಿಯಮ ಹಾಗಲ್ಲ. ಎರಡು ಪಾಲಿಸಿಗಳಿದ್ದರೂ ನಿಜವಾಗಿ ಆದ ಖರ್ಚಿಗಿಂತ ಹೆಚ್ಚು ಪಡೆಯಲಾಗದು.

ಗಲ್ಫಿಗೆ ದುಡಿಯಲು ಹೋಗುವವರ ವಿಷಯದಲ್ಲಿ ಕೇಂದ್ರ ಸರ್ಕಾರ 2003ರಲ್ಲಿ ತಂದ ಪ್ರವಾಸಿ ಭಾರತೀಯ ಬಿಮಾ ಯೋಜನೆಯನ್ನು ಹೆಸರಿಸಲೇಬೇಕು. ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂಬ ಗುರುತಿದ್ದು, ವಲಸೆ ಅನುಮತಿ ಬೇಕಾದ ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ ಇದು ಕಡ್ಡಾಯ. 2 ವರ್ಷಕ್ಕೆ 275 ರೂಪಾಯಿ, 3 ವರ್ಷಕ್ಕೆ 375 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ; ಪಾರ್ಥಿವ ಶರೀರವನ್ನು ಊರಿಗೆ ತರುವ ಖರ್ಚೂ ಅದರಲ್ಲಿದೆ. ಮನೆಯವರು ಆ ಪಾಲಿಸಿಯ ಪ್ರತಿಯೊಂದನ್ನು ಇಟ್ಟುಕೊಳ್ಳದ ಕಾರಣಕ್ಕೆ ಇಂಥ ಹಕ್ಕು ಕೈತಪ್ಪಬಾರದು. ಭಟ್ಕಳದಲ್ಲೋ ಕುಂದಾಪುರದಲ್ಲೋ ಉಳಿದ ಹೆಂಡತಿಯ ಫೋನಿನಲ್ಲಿ ಅದರ ಒಂದು ಚಿತ್ರವಾದರೂ ಇರಲಿ.

ಬೆಟ್ಟ ಹತ್ತುವವರಿಗೆ ಹೇಳಬೇಕಾದ್ದು ಸ್ವಲ್ಪವಾದರೂ ಭಾರವಾದದ್ದು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ, ಬಹುಪಾಲು ಕರ್ನಾಟಕದವರೇ ಇದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ಪ್ರಾಣ ಬಿಟ್ಟರು. ಉಳಿದವರನ್ನು ಹೆಲಿಕಾಪ್ಟರ್‌ಗಳ ನೆರವಿನಿಂದ ಪಾರುಮಾಡಿದರು. ಅಂಥ ಚಾರಣಗಳು 4,000 ಮೀಟರಿಗಿಂತ ಮೇಲೆ ನಡೆಯುತ್ತವೆ. ಸಾಧಾರಣ ಪ್ರವಾಸ ಪಾಲಿಸಿಗಳಲ್ಲಿ ಇಂತಿಷ್ಟು ಎತ್ತರದಾಚೆ ಹಣವಿಲ್ಲ, ಸಾಹಸ ಕ್ರೀಡೆಗೆ ಹಣವಿಲ್ಲ, ಹುಡುಕಾಟ ಮತ್ತು ಹೆಲಿಕಾಪ್ಟರ್ ಖರ್ಚಿಗೆ ಪ್ರತ್ಯೇಕ ಸೌಲಭ್ಯ ಬೇಕು ಎಂಬ ಸಾಲುಗಳಿರುತ್ತವೆ. ಚಾರಣ ಸಂಘಟಿಸುವವರು ‘ವಿಮೆ ಇದೆ’ ಎಂದರೆ ಸಾಲದು. ಎಷ್ಟು ಮೀಟರ್ ಎತ್ತರದವರೆಗೆ, ಹೆಲಿಕಾಪ್ಟರ್ ಸೇರಿದೆಯೇ ಎಂದು ಹೊರಡುವ ಮುನ್ನ ಕೇಳಬೇಕು, ಉತ್ತರವನ್ನು ಪಾಲಿಸಿಯಲ್ಲೇ ಓದಿ ನೋಡಬೇಕು.

ಪ್ರವಾಸ ರದ್ದಾದಾಗಿನ ಪರಿಹಾರದಲ್ಲಿ ಜನರ ನಿರೀಕ್ಷೆಗೂ ಪಾಲಿಸಿಗೂ ಇರುವ ಅಂತರ ದೊಡ್ಡದು. ಮನಸ್ಸು ಬದಲಾಯಿತು, ಆಫೀಸಿನಲ್ಲಿ ರಜೆ ಸಿಗಲಿಲ್ಲ ಎಂದರೆ ಸಾಮಾನ್ಯವಾಗಿ ಹಣವಿಲ್ಲ. ಪಟ್ಟಿಯಲ್ಲಿ ಬರೆದ ಕಾರಣಗಳಿಗೆ ಮಾತ್ರ ಉಂಟು: ಪ್ರಯಾಣಿಕರದೋ ತೀರಾ ಹತ್ತಿರದ ಬಂಧುವಿನದೋ ಸಾವು, ಆಸ್ಪತ್ರೆ ವಾಸ, ಇಂಥವು. 2010ರ ಏಪ್ರಿಲ್‌ನಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯೊಂದು ಬೂದಿ ಉಗುಳಿ ಯುರೋಪಿನ ಆಕಾಶ ಸುಮಾರು ಒಂದು ವಾರ ಮುಚ್ಚಿತು, ಸುಮಾರು 1 ಲಕ್ಷ ಹಾರಾಟಗಳು ನಿಂತವು. ‘ಕೆಟ್ಟ ಹವಾಮಾನ’ಕ್ಕೆ ಪರಿಹಾರ ಬರೆದಿದ್ದ ಪಾಲಿಸಿಗಳಲ್ಲಿ ಜ್ವಾಲಾಮುಖಿಯ ಬೂದಿ ಹವಾಮಾನವೇ ಅಲ್ಲವೇ ಎಂಬ ಜಗಳ ಎದ್ದಿತು. ಆಮೇಲೆ ಪಾಲಿಸಿ ಕೊಂಡವರಿಗೆ ಇನ್ನೊಂದು ಉತ್ತರ ಕಾದಿತ್ತು, ಇದು ಗೊತ್ತಿದ್ದ ಘಟನೆ ಎಂದು. ಸುದ್ದಿಯಾದ ಚಂಡಮಾರುತಕ್ಕೆ, ಘೋಷಣೆಯಾದ ಮುಷ್ಕರಕ್ಕೆ, ಶುರುವಾದ ಯುದ್ಧಕ್ಕೆ ಮರುದಿನ ವಿಮೆ ಕೊಂಡು ಪ್ರಯೋಜನವಿಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ವಿಮಾನಗಳನ್ನು ನಿಲ್ಲಿಸಿದಾಗ, ಸಾಂಕ್ರಾಮಿಕಕ್ಕೆ ಹಣವಿಲ್ಲ ಎಂಬ ಸಾಲನ್ನು ಎಷ್ಟೋ ಮಂದಿ ಮೊದಲ ಬಾರಿಗೆ ಓದಿದರು. ವಿಮಾನ ಕಂಪನಿಯೇ ಮುಳುಗುವುದು ಬೇರೆಯೇ ಮಾತು. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿದವು. ದಿವಾಳಿಗೆ ಪರಿಹಾರವುಂಟು ಎಂದು ಸ್ಪಷ್ಟವಾಗಿ ಬರೆದಿಲ್ಲದ ಪಾಲಿಸಿ ಅಲ್ಲಿ ನೆರವಿಗೆ ಬರುವುದಿಲ್ಲ.

ಲಗೇಜು ಬರದಿದ್ದರೆ ವಿಮಾನ ನಿಲ್ದಾಣದಿಂದ ಹೊರಬರುವ ಮುಂಚೆಯೇ ವಿಮಾನ ಕಂಪನಿಯ ಕೌಂಟರಿನಲ್ಲಿ ದೂರು ಬರೆಸಿ ಪಿಐಆರ್ ಎಂಬ ವರದಿ ಪಡೆಯಬೇಕು. ವಿಮಾ ಕಂಪನಿ ಕೇಳುವ ಮೊದಲ ಕಾಗದ ಅದೇ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸೂಟ್‌ಕೇಸ್ ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಸೇರಿದ 21 ದಿನದೊಳಗೆ ವಿಮಾನ ಕಂಪನಿಗೆ ಲಿಖಿತ ದೂರು ಹೋಗಬೇಕು. 21 ದಿನವಾದರೂ ಬರದಿದ್ದರೆ ಅದು ಕಳೆದಂತೆ. ಚಿನ್ನ, ನಗದು, ಬೆಲೆಬಾಳುವ ಸಾಮಾನು ಚೆಕ್-ಇನ್ ಲಗೇಜಿನಲ್ಲಿದ್ದರೆ ಬಹುತೇಕ ಪಾಲಿಸಿಗಳು ಒಪ್ಪುವುದಿಲ್ಲ. ಮೊಮ್ಮಗುವಿಗೆಂದು ಒಯ್ಯುವ ಸರವನ್ನು ಕೈಚೀಲದಲ್ಲೇ ಇಟ್ಟುಕೊಳ್ಳುವುದು ಲೇಸು.

ಎಲ್ಲ ಸರಿಯಾಗಿ ಮಾಡಿಯೂ ಕ್ಲೇಮು ತಿರಸ್ಕೃತವಾದರೆ? ಮೊದಲು ವಿಮಾ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು. ತಿರಸ್ಕಾರದ ಪತ್ರದಲ್ಲಿ ಪಾಲಿಸಿಯ ಯಾವ ಕಲಮಿನ ಪ್ರಕಾರ ಎಂದು ಕಾರಣ ಬರೆಸಿಕೊಳ್ಳಬೇಕು, ಫೋನಿನಲ್ಲಿ ಹೇಳಿದ ‘ಆಗೋದಿಲ್ಲ’ವನ್ನು ಒಪ್ಪಬಾರದು. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ವ್ಯವಸ್ಥೆಗೆ 155255 ಸಂಖ್ಯೆಯಲ್ಲಿ ದೂರು ಕೊಡಬಹುದು. ಕಂಪನಿ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರ ಮೊದಲ ಹಂತದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ. 50 ಲಕ್ಷ ರೂಪಾಯಿ ತನಕದ ತಕರಾರುಗಳನ್ನು ಅವರು ಕೇಳುತ್ತಾರೆ. 2023ರ ನವೆಂಬರಿಗೆ ಮುಂಚೆ ಈ ಮಿತಿ 30 ಲಕ್ಷವಿತ್ತು. ಅವರು ಕೊಟ್ಟ ತೀರ್ಮಾನಕ್ಕೆ ಕಂಪನಿ ಬದ್ಧ, 30 ದಿನದಲ್ಲಿ ಅದನ್ನು ಪಾಲಿಸಬೇಕು. ಕಂಪನಿ ತಿರಸ್ಕರಿಸಿದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಅಲ್ಲಿಗೆ ತಲುಪಿರಬೇಕು. ಅದರ ಜೊತೆಗೆ ಪಾಲಿಸಿ, ಮೊದಲು ತುಂಬಿದ ಪ್ರೊಪೋಸಲ್ ಫಾರಂನ ಪ್ರತಿ, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ವಿವರವಾದ ಬಿಲ್ಲುಗಳು ಮತ್ತು ತಿರಸ್ಕಾರದ ಪತ್ರ ಇರಬೇಕು.